ಶುಕ್ರವಾರ ಮಧ್ಯಾಹ್ನ ಒಂದು ಗಂಟೆಯ ಸೈರನ್

೧೯೮೮ರಲ್ಲಿ ನಾನು ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಂಪನಿಯಲ್ಲಿ ಪ್ರೋಗ್ರಾಮರ್ ಆಗಿದ್ದೆ. ಆಗ ನನಗೆ ಇಪ್ಪತ್ತಾರು ವರ್ಷ. ವಿಜಯನಗರದ ಮನೆಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಕಟ್ಟಡದ ಕೆಳಗಡೆ ಲೋಹ ಕಡೆಯುವ ಲೇಥ್ ಶಾಪು, ಮೇಲಿನ ಮಹಡಿಯಲ್ಲಿ ನಾವು. ಒಂಬತ್ತು ಮಂದಿ, ಒಂದು ಯುನಿಕ್ಸ್ ಕಂಪ್ಯೂಟರ್, ಅದಕ್ಕೆ ತಗುಲಿಸಿದ, ಪರದೆ ಮತ್ತು ಕೀಲಿಮಣೆಯ ನಾಲ್ಕು ಟರ್ಮಿನಲ್. ಕೆಳಗೆ ದೊಡ್ಡ ಲೇಥ್ ಓಡಲು ಶುರುವಾದರೆ ನಮ್ಮ ಮೇಜಿನ ಮೇಲಿನ ಕಾಫಿ ಲೋಟಗಳು ತಾವಾಗಿಯೇ ಅಂಚಿನ ಕಡೆ ಸರಿಯುತ್ತಿದ್ದವು. ಹೊಸಬರಿಗೆ ನಾವು ಮೊದಲು ಕಲಿಸುತ್ತಿದ್ದದ್ದು ಲೋಟವನ್ನು ಎಲ್ಲಿಡಬೇಕು ಎಂಬುದನ್ನು.

ಕಂಪನಿಯ ಮಾಲೀಕರು ಶ್ರೀಕಂಠಯ್ಯನವರು. ದೊಡ್ಡ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಇಂಜಿನಿಯರ್ ಆಗಿದ್ದು, ನಿವೃತ್ತಿಯ ನಂತರ ಈ ಸಾಹಸಕ್ಕೆ ಕೈಹಾಕಿದ್ದರು. ಒಳ್ಳೆಯ ಮನುಷ್ಯ. ಅವರಿಗೆ ಎರಡೇ ಎರಡು ಹಟಗಳಿದ್ದವು. ಊಟವಾದ ಮೇಲೆ ಇಪ್ಪತ್ತು ನಿಮಿಷ ಕುರ್ಚಿಯಲ್ಲಿ ಕಣ್ಣುಮುಚ್ಚಿ ಕೂರಬೇಕು, ಆಗ ಯಾರೂ ಸದ್ದು ಮಾಡಬಾರದು. ಇನ್ನೊಂದು, ಆಫೀಸಿನ ಯಾವ ಪರದೆಯ ಮೇಲೂ ಎರರ್ ಎಂಬ ಪದ ಕಾಣಬಾರದು. ಒಮ್ಮೆ ಗಿರಾಕಿಯೊಬ್ಬರು ಬಂದಿದ್ದಾಗ ಪರದೆಯ ತುಂಬ ಎರರ್ ಸಂದೇಶಗಳು ಸುರಿದು, ಆ ಗಿರಾಕಿ ಕಾಫಿಯನ್ನೂ ಕುಡಿಯದೆ ಎದ್ದುಹೋಗಿದ್ದರು. ಆ ಗಾಯ ಮಾಸಿರಲಿಲ್ಲ.

ಈ ಎರಡು ಹಟಗಳ ನೇರ ಪರಿಣಾಮವನ್ನು ಅನುಭವಿಸಿದವರು ಪೀಣ್ಯದ ಕಡೆಯ ಒಂದು ಯಂತ್ರಭಾಗಗಳ ಕಾರ್ಖಾನೆಯ ಎಂಟುನೂರು ಕಾರ್ಮಿಕರು. ಅನುಭವಿಸಿದರು ಎನ್ನುವುದಕ್ಕಿಂತ ಆನಂದಿಸಿದರು ಎನ್ನುವುದು ಸರಿ.

ಆ ಕಾರ್ಖಾನೆಗೆ ನಾವು ಒಂದು ಯಂತ್ರ ಮಾಡಿಕೊಟ್ಟಿದ್ದೆವು. ಸುಮಾರು ಶೂ ಡಬ್ಬಿಯಷ್ಟು ದೊಡ್ಡದು. ಒಳಗೆ ಬ್ಯಾಟರಿಯ ಮೇಲೆ ನಡೆಯುತ್ತ ತಾರೀಖು, ಗಂಟೆ ಎಣಿಸುವ ಗಡಿಯಾರದ ಎಲೆಕ್ಟ್ರಾನಿಕ್ ಚಿಪ್ಪು ಇರುವ ಒಂದು ಬೋರ್ಡು. ಅದರ ಕೆಲಸ ಹೊತ್ತಿಗೆ ಸರಿಯಾಗಿ ಕಾರ್ಖಾನೆಯ ಸೈರನ್ ಕೂಗಿಸುವುದು. ಬೆಳಗ್ಗೆ ಏಳಕ್ಕೆ ಕೆಲಸ ಶುರು, ಹನ್ನೊಂದಕ್ಕೆ ಊಟ, ಹನ್ನೊಂದೂವರೆಗೆ ಮತ್ತೆ ಕೆಲಸ, ಮೂರೂವರೆಗೆ ಬಿಡುಗಡೆ. ಶನಿವಾರ ಅರ್ಧ ದಿನವಾದ್ದರಿಂದ ಮಧ್ಯಾಹ್ನ ಒಂದಕ್ಕೇ ಬಿಡುಗಡೆ. ಭಾನುವಾರ ಮೌನ.

ಅಲ್ಲಿಯವರೆಗೆ ಈ ಕೆಲಸವನ್ನು ಮಾಡುತ್ತಿದ್ದವರು ಕಾರ್ಮಿಕರ ಹಾಜರಿ ನೋಡುವ ಟೈಮ್ ಆಫೀಸಿನ ಹನುಮಂತರಾಯಪ್ಪನವರು. ಹೆಗ್ಗನಹಳ್ಳಿಯ ಹಳೆಯ ಒಕ್ಕಲು ಮನೆತನದವರು, ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷವಾಗಿತ್ತು. ಗೋಡೆಯ ಮೇಲಿನ ದೊಡ್ಡ ಕಬ್ಬಿಣದ ಹಿಡಿಯನ್ನು ಕೆಳಗೆಳೆದರೆ ಚಾವಣಿಯ ಮೇಲಿದ್ದ ಸೈರನ್ ಕೂಗುತ್ತಿತ್ತು. ಆ ಸದ್ದು ಇತ್ತ ಲಗ್ಗೆರೆಯವರೆಗೂ ಕೇಳುತ್ತಿತ್ತು. ನಮ್ಮ ಡಬ್ಬಿಯನ್ನು ಹಿಡಿಯ ಪಕ್ಕದಲ್ಲೇ ಗೋಡೆಗೆ ಜಡಿದಾಗ ಅವರು ಕುರ್ಚಿಯನ್ನು ಸ್ವಲ್ಪ ಪಕ್ಕಕ್ಕೆ ಎಳೆದುಕೊಂಡು ಅದಕ್ಕೆ ಜಾಗ ಬಿಟ್ಟುಕೊಟ್ಟರು.

೧೯೮೮ರ ಜುಲೈ ನಾಲ್ಕು, ಸೋಮವಾರ, ಡಬ್ಬಿ ಕೆಲಸ ಶುರು ಮಾಡಿತು. ಸೋಮವಾರದಿಂದ ಗುರುವಾರದವರೆಗೆ ಒಂದು ಸೆಕೆಂಡೂ ಆಚೀಚೆ ಆಗಲಿಲ್ಲ. ಶ್ರೀಕಂಠಯ್ಯನವರು ಗುರುವಾರ ಸಂಜೆ ಎಲ್ಲರಿಗೂ ಮೈಸೂರುಪಾಕು ಹಂಚಿದರು.

ಶುಕ್ರವಾರ ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ ಸೈರನ್ ಕೂಗಿತು.

ಒಂದು ಕ್ಷಣ ಎಲ್ಲರೂ ಮುಖ ಮುಖ ನೋಡಿಕೊಂಡರಂತೆ. ಆಮೇಲೆ ಎಂಟುನೂರು ಜನ ಕೈ ತೊಳೆದುಕೊಂಡು, ಕ್ಯಾರಿಯರ್ ಎತ್ತಿಕೊಂಡು ಮನೆಗೆ ಹೊರಟರು. ವರ್ಕ್ಸ್ ಮ್ಯಾನೇಜರು ಗೇಟಿನವರೆಗೆ ಓಡಿಬಂದು ಕೈ ಅಡ್ಡ ಹಿಡಿದರು. ಯೂನಿಯನ್ ಕಾರ್ಯದರ್ಶಿ ಚಿಕ್ಕಣ್ಣ ಎಂಬವರು ಬಹಳ ವಿನಯದಿಂದಲೇ ಹೇಳಿದರಂತೆ: "ಸಾರ್, ಒಪ್ಪಂದದಲ್ಲಿ ನೀವೇ ಬರೆಸಿದೀರಿ, ಸೈರನ್ ಆದ ಮೇಲೆ ಡ್ಯೂಟಿ ಮುಗೀತು ಅಂತ. ಗಡಿಯಾರ ನೋಡ್ಕೊಂಡು ಹೋಗಿ ಅಂತ ಎಲ್ಲೂ ಬರೆದಿಲ್ಲ."

ನನಗೆ ಫೋನು ಬಂದಾಗ ಒಂದೂ ಕಾಲು. ಶ್ರೀಕಂಠಯ್ಯನವರು ಕಣ್ಣುಮುಚ್ಚಿ ಕೂತಿದ್ದರು. ಅವರನ್ನು ಎಬ್ಬಿಸುವ ಧೈರ್ಯ ಯಾರಿಗೂ ಇರಲಿಲ್ಲ. ಇಪ್ಪತ್ತು ನಿಮಿಷ ಆ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತೆ.

ಮರುದಿನ ಶನಿವಾರ ಸೈರನ್ ಕೂಗಲೇ ಇಲ್ಲ. ಹನುಮಂತರಾಯಪ್ಪನವರು ಎದ್ದು ಹಳೆಯ ಹಿಡಿ ಎಳೆದು ದಿನ ಸಾಗಿಸಿದರು. ಅಷ್ಟುಹೊತ್ತಿಗೆ ನನಗೆ ತಪ್ಪು ಸಿಕ್ಕಿತ್ತು. ಅದು ನನ್ನದೇ ತಪ್ಪು. ೧೯೮೮ ಅಧಿಕ ವರ್ಷ, ಫೆಬ್ರವರಿಗೆ ಇಪ್ಪತ್ತೊಂಬತ್ತು ದಿನ. ಗಡಿಯಾರದ ಚಿಪ್ಪು ಆ ಹೆಚ್ಚಿನ ದಿನವನ್ನು ತಾನೇ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಿತ್ತು. ಅದು ಗೊತ್ತಿಲ್ಲದೆ ನನ್ನ ಪ್ರೋಗ್ರಾಮಿನಲ್ಲಿ ನಾನೂ ಒಂದು ದಿನ ಸೇರಿಸಿದ್ದೆ. ಹಾಗಾಗಿ ನಮ್ಮ ಡಬ್ಬಿ ವಾರದಲ್ಲಿ ಒಂದು ದಿನ ಮುಂದಿತ್ತು. ಶುಕ್ರವಾರವನ್ನು ಶನಿವಾರ ಎಂದುಕೊಂಡು ಒಂದಕ್ಕೆ ಬಿಡುಗಡೆ ಕೊಟ್ಟಿತು, ಶನಿವಾರವನ್ನು ಭಾನುವಾರ ಎಂದುಕೊಂಡು ರಜೆ ಹಾಕಿತು. ನಾವು ಪರೀಕ್ಷೆ ಮಾಡಿದ್ದೆಲ್ಲ ೧೯೮೭ರ ತಾರೀಖುಗಳ ಮೇಲೆ. ಅಧಿಕ ವರ್ಷದ ಮಾತೇ ಬಂದಿರಲಿಲ್ಲ.

ಆದರೆ ಡಬ್ಬಿಯ ಲೆಕ್ಕದಲ್ಲಿ ಭಾನುವಾರ ಯಾವ ವಾರ ಎಂಬುದನ್ನು ಶನಿವಾರದ ಗಡಿಬಿಡಿಯಲ್ಲಿ ಯಾರೂ ಯೋಚಿಸಲಿಲ್ಲ. ಡಬ್ಬಿಯ ಪಾಲಿಗೆ ಸೋಮವಾರವಾಗಿದ್ದ ಭಾನುವಾರ ಬೆಳಗ್ಗೆ ಏಳಕ್ಕೆ ಸೈರನ್ ಕೂಗಿತು. ಲಗ್ಗೆರೆಯಲ್ಲಿ ಮಲಗಿದ್ದವರು ದಡಬಡ ಎದ್ದು, ಕೆಲವರು ಮುಖವನ್ನೂ ತೊಳೆಯದೆ ಗೇಟಿಗೆ ಬಂದರು. ಬಂದ ಮೇಲೆ ಇವತ್ತು ಭಾನುವಾರ ಎಂದು ಜ್ಞಾಪಕಕ್ಕೆ ಬಂತು. ಟೈಮ್ ಆಫೀಸಿಗೆ ಬೀಗ ಬಿದ್ದಿದ್ದರಿಂದ ಅವತ್ತು ಅದು ಹನ್ನೊಂದಕ್ಕೂ ಕೂಗಿತು, ಹನ್ನೊಂದೂವರೆಗೂ ಕೂಗಿತು, ಮೂರೂವರೆಗೂ ಕೂಗಿತು. ಶುಕ್ರವಾರ ಸೈರನ್ನಿಗೆ ಜೈಕಾರ ಹಾಕಿದವರೇ ಭಾನುವಾರ ಅದನ್ನು ಬೈದರು.

ಇಷ್ಟರಲ್ಲಿ ನಾನು ಶನಿವಾರವೇ ತಪ್ಪು ಸರಿಪಡಿಸಿಯಾಗಿತ್ತು. ಇಲ್ಲಿ ನಮ್ಮ ವೃತ್ತಿಯ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ನಾವು ಬರೆದ ಪ್ರೋಗ್ರಾಮು ಯಂತ್ರಕ್ಕೆ ಹಾಗೆಯೇ ಅರ್ಥವಾಗುವುದಿಲ್ಲ. ಮೂವತ್ತೆಂಟು ಕಡತಗಳಲ್ಲಿ ಬರೆದದ್ದನ್ನು ಒಂದೊಂದಾಗಿ ಯಂತ್ರದ ಭಾಷೆಗೆ ತಿರುಗಿಸಿ, ಎಲ್ಲವನ್ನೂ ಜೋಡಿಸಿ, ಕೊನೆಗೆ ಇಪಿರಾಮ್ ಎಂಬ ಚಿಪ್ಪಿನೊಳಗೆ ತುಂಬಬೇಕು. ಈ ಇಡೀ ಪ್ರಕ್ರಿಯೆಯ ಹೆಸರು ಬಿಲ್ಡ್. ಅದನ್ನು ಕೈಯಿಂದ ಮಾಡುತ್ತ ಕೂತರೆ ದಿನ ಮುಗಿಯುತ್ತದೆ. ಅದಕ್ಕೆ ನನ್ನ ಸಹೋದ್ಯೋಗಿ ನಾಗಭೂಷಣ ಒಂದು ಸ್ಕ್ರಿಪ್ಟ್ ಬರೆದಿದ್ದ. ಸ್ಕ್ರಿಪ್ಟ್ ಎಂದರೆ ಕಂಪ್ಯೂಟರ್ ಒಂದಾದ ಮೇಲೊಂದು ಮಾಡಬೇಕಾದ ಕೆಲಸಗಳ ಪಟ್ಟಿ. ದಿನವೂ ಮಧ್ಯಾಹ್ನ ಒಂದೂ ಕಾಲಿಗೆ, ಟರ್ಮಿನಲ್‌ಗಳೆಲ್ಲ ಖಾಲಿ ಇರುವ ಊಟದ ಹೊತ್ತಿನಲ್ಲಿ, ಅದು ತಾನಾಗಿಯೇ ಓಡಿ ನಲವತ್ತು ನಿಮಿಷಗಳಲ್ಲಿ ಬಿಲ್ಡ್ ಮುಗಿಸುತ್ತಿತ್ತು. ನಾವು ಊಟ ಮಾಡಿ ಬರುವ ಹೊತ್ತಿಗೆ ಪರದೆಯ ಮೇಲೆ ಸುತ್ತಲೂ ನಕ್ಷತ್ರಗಳ ಅಂಚು ಕಟ್ಟಿದ ಒಂದು ಸಾಲು ಕಾದಿರುತ್ತಿತ್ತು: ಬಿಲ್ಡ್ ಸಕ್ಸಸ್‌ಫುಲ್. ನಾಗಭೂಷಣನಿಗೆ ಆ ನಕ್ಷತ್ರಗಳ ಬಗ್ಗೆ ಬಹಳ ಹೆಮ್ಮೆ.

ಶನಿವಾರವೂ ನಕ್ಷತ್ರಗಳು ಬಂದವು. ಚಿಪ್ಪು ತುಂಬಿಸಿದೆವು. ಸೋಮವಾರ ಬೆಳಗ್ಗೆ ನಾನೇ ಹೋಗಿ ಹಳೆಯ ಚಿಪ್ಪು ಕಿತ್ತು ಹೊಸದನ್ನು ಹಾಕಿ ಬಂದೆ. ಗಡಿಯಾರವನ್ನು ಶುಕ್ರವಾರಕ್ಕೆ ತಿರುಗಿಸಿ ಅಲ್ಲೇ ಒಮ್ಮೆ ನೋಡಬಹುದಿತ್ತು. ಹಾಗೆ ಮಾಡಿದರೆ ಸೈರನ್ ಕೂಗುತ್ತದೆ, ಇನ್ನೊಂದು ಸಲ ಅಕಾಲದಲ್ಲಿ ಕೂಗಿದರೆ ತಮ್ಮ ನೌಕರಿಗೆ ಸಂಚಕಾರ ಎಂದು ವರ್ಕ್ಸ್ ಮ್ಯಾನೇಜರು ಬಿಡಲಿಲ್ಲ. ಬೋರ್ಡು ಇದ್ದದ್ದು ಅದೊಂದೇ, ಆಫೀಸಿನಲ್ಲಿ ಪರೀಕ್ಷಿಸಲು ಇನ್ನೊಂದು ಇರಲಿಲ್ಲ. ಲೆಕ್ಕವನ್ನಷ್ಟೇ ನಾನು ಟರ್ಮಿನಲ್ ಮೇಲೆ ಬೇರೆಯಾಗಿ ಓಡಿಸಿ ನೋಡಿದ್ದೆ, ಸರಿಯಿತ್ತು. ಧೈರ್ಯವಾಗಿದ್ದೆ.

ಜುಲೈ ಹದಿನೈದು, ಶುಕ್ರವಾರ. ಮಧ್ಯಾಹ್ನ ಒಂದು ಗಂಟೆ. ಸೈರನ್ ಕೂಗಿತು.

ಈ ಸಲ ಯಾರೂ ಮುಖ ನೋಡಿಕೊಳ್ಳಲಿಲ್ಲವಂತೆ. ಅರ್ಧದಷ್ಟು ಜನ ಹನ್ನೆರಡೂವರೆಗೇ ಕೈ ತೊಳೆದುಕೊಂಡು ಸಿದ್ಧರಾಗಿದ್ದರು. ಕೆಲವರು ಮಧ್ಯಾಹ್ನದ ಆಟಕ್ಕೆ ಸಿನಿಮಾ ಟಿಕೆಟ್ಟನ್ನೂ ತೆಗೆಸಿಟ್ಟಿದ್ದರು. ಎಲ್ಲರೂ ಹೋದ ಮೇಲೆ ಹನುಮಂತರಾಯಪ್ಪನವರು ಡಬ್ಬಿಯ ಸ್ವಿಚ್ಚು ಆರಿಸಿದರು. ವರ್ಕ್ಸ್ ಮ್ಯಾನೇಜರು ಶ್ರೀಕಂಠಯ್ಯನವರಿಗೆ ಫೋನು ಮಾಡಿ ಹೇಳಿದ್ದು ಇಷ್ಟೇ: "ಮುಂದಿನ ಶುಕ್ರವಾರ ಡಬ್ಬಿ ನನ್ನ ಎದುರಿಗೇ ಓಡಬೇಕು. ಒಂದು ಗಂಟೆಗೆ ಕೂಗಿದ್ರೆ ಸಾಯಂಕಾಲ ಗೋಡೆಯಿಂದ ಕಿತ್ತು ನಿಮ್ಮ ಆಫೀಸಿಗೆ ಕಳಿಸ್ತೀನಿ." ನಮ್ಮ ಯಂತ್ರ ಕೊಂಡವರು ಆಗ ಅವರೊಬ್ಬರೇ. ಅವರು ವಾಪಸ್ಸು ಕಳಿಸಿದರೆ ಇನ್ನೊಬ್ಬರು ಬಾಗಿಲು ತೆರೆಯುವುದಿಲ್ಲ. ಶ್ರೀಕಂಠಯ್ಯನವರು ಅಂದು ಊಟವಾದ ಮೇಲೆ ಕಣ್ಣುಮುಚ್ಚಲಿಲ್ಲ. ಅದನ್ನು ನೋಡಿ ನಮಗೆಲ್ಲ ನಿಜವಾದ ಹೆದರಿಕೆ ಶುರುವಾಯಿತು.

ಶನಿವಾರ ನಾನು ಮತ್ತೆ ಕಾರ್ಖಾನೆಗೆ ಹೋದೆ. ಡಬ್ಬಿಯ ಮುಚ್ಚಳ ತೆಗೆದು ಏನೆಂದು ತಿಳಿಯದೆ ಸುಮ್ಮನೆ ನೋಡುತ್ತ ನಿಂತಿದ್ದೆ. ಹನುಮಂತರಾಯಪ್ಪನವರು ಒಂದು ಸ್ಟೂಲು ತಂದು ಹಾಕಿದರು.

"ಕೂತ್ಕಳಮ್ಮ. ನಿಂತ್ಕಂಡ್ರೆ ಬುದ್ಧಿ ಓಡಲ್ಲ."

"ಸರಿ ಮಾಡಿದೀನಿ ಯಜಮಾನ್ರೇ. ನಮ್ಮ ಕಂಪ್ಯೂಟರೇ ಸರಿಯಾಯ್ತು ಅಂತ ಬರೆದು ತೋರಿಸ್ತು."

"ಬರೆದು ತೋರಿಸ್ತಾ?" ಎಂದು ಅವರು ಮೇಜಿನ ಮೇಲಿದ್ದ ಉದ್ದನೆಯ ರಿಜಿಸ್ಟರ್ ತೆಗೆದರು. ಪ್ರತಿ ಪುಟದಲ್ಲೂ ಗೀಟು ಎಳೆದು ಎರಡು ಕಾಲಂ ಮಾಡಿತ್ತು. ಒಂದರ ತಲೆಯ ಮೇಲೆ ಎಳೆದದ್ದು ಎಂದಿತ್ತು, ಇನ್ನೊಂದರ ಮೇಲೆ ಕೂಗಿದ್ದು. "ನಾನು ಹೊಸದಾಗಿ ಬಂದಾಗ ಒಂದ್ಸಲ ಹಿಡಿ ಎಳ್ದೆ, ಬರ್ಕೊಂಡೆ, ಕೂತ್ಕೊಂಡೆ. ಮೇಲೆ ವೈರು ಇಲಿ ಕಡಿದುಬಿಟ್ಟಿತ್ತು. ಸೈರನ್ನೇ ಇಲ್ಲ. ಜನ ಊಟಕ್ಕೇ ಏಳಲಿಲ್ಲ, ನಾನಿಲ್ಲಿ ಹೊಡೆದಾಯ್ತು ಅಂತ ಬರ್ಕೊಂಡು ಕೂತಿದೀನಿ. ಅವತ್ತಿಂದ ಹಿಡಿ ಎಳೆದು, ಆಚೆ ಹೋಗಿ, ಕಿವಿಯಾರೆ ಕೇಳಿ, ಆಮೇಲೆ ಬಂದು ಎರಡನೇದು ಬರೀತೀನಿ. ಎಳ್ದೆ ಅಂದ್ರೆ ಕೂಗ್ತು ಅಂತ ಆಗ್ತದೇನಮ್ಮ? ನಿಮ್ಮ ಕಂಪ್ಯೂಟ್ರು ಆಚೆ ಹೋಗಿ ಕೇಳ್ತದಾ?"

ನಮ್ಮ ಸ್ಕ್ರಿಪ್ಟ್ ಸಕ್ಸಸ್‌ಫುಲ್ ಎಂದು ಯಾವ ಆಧಾರದ ಮೇಲೆ ಹೇಳುತ್ತದೆ ಎಂದು ನಾನು ಒಂದು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ ಎಂಬುದು ಆಗ ಹೊಳೆಯಿತು. ಬಸ್ಸಿಗೆ ಕಾಯದೆ ಆಟೋ ಹಿಡಿದು ಆಫೀಸಿಗೆ ವಾಪಸ್ಸಾದೆ.

ನಾಗಭೂಷಣನ ಪಕ್ಕ ಕೂತು, ಸ್ಕ್ರಿಪ್ಟಿನ ಸಾಲುಗಳನ್ನು ಒಂದೊಂದಾಗಿ ಕೈಯಿಂದಲೇ ಟೈಪ್ ಮಾಡಿದೆ. ಮೊದಲನೆಯ ಸಾಲು, ಹೊಸ ಪ್ರೋಗ್ರಾಮು ಇರುವ ಡೈರೆಕ್ಟರಿಗೆ ಹೋಗು ಎಂಬ ಆಜ್ಞೆ. ಡೈರೆಕ್ಟರಿ ಎಂದರೆ ಕಂಪ್ಯೂಟರಿನೊಳಗೆ ಕಡತಗಳನ್ನು ಇಡುವ ಕೋಣೆ ಎಂದುಕೊಳ್ಳಬಹುದು. ಎಂಟರ್ ಒತ್ತಿದ ಕೂಡಲೇ ಉತ್ತರ ಬಂತು: ಆ ಹೆಸರಿನ ಕೋಣೆ ಇಲ್ಲ.

ಇಬ್ಬರೂ ಪರದೆಯನ್ನೇ ನೋಡಿದೆವು.

"ಕ್ಯಾಲೆಂಡರ್ ಡೈರೆಕ್ಟರಿ ಎಲ್ಲೋಯ್ತು?" ಎಂದು ನಾಗಭೂಷಣ ಕೇಳಿದ.

ಆ ಡೈರೆಕ್ಟರಿಗೆ ಅವನು ಇಟ್ಟಿದ್ದ ಹೆಸರು ಇಂಗ್ಲಿಷಿನ ಕೆ ಅಕ್ಷರದಿಂದ ಶುರುವಾಗುತ್ತಿತ್ತು. ನಾನು ಕಾಗುಣಿತದ ವಿಷಯದಲ್ಲಿ ಸ್ವಲ್ಪ ಕಟ್ಟುನಿಟ್ಟು. ತಪ್ಪು ಸರಿಪಡಿಸಿದ ಆ ಶನಿವಾರ, ಇರಲಿ ಎಂದು ಆ ಕೆಯನ್ನೂ ತೆಗೆದು ಸಿ ಹಾಕಿ ಹೆಸರು ತಿದ್ದಿಟ್ಟಿದ್ದೆ. ಹೆಸರು ಸಿಗದಿದ್ದರೆ ಸ್ಕ್ರಿಪ್ಟ್ ಕೂಗಿ ಹೇಳುತ್ತದೆ, ಆಗ ಅಲ್ಲೂ ತಿದ್ದಿದರಾಯಿತು ಎಂದುಕೊಂಡಿದ್ದೆ. ಸ್ಕ್ರಿಪ್ಟ್ ಕೂಗಲಿಲ್ಲ. ಹೊಸ ಕೋಣೆಯ ಬಾಗಿಲು ಸಿಗದಿದ್ದಾಗ ಅದು ತಾನು ನಿಂತಿದ್ದ ಕೋಣೆಯಲ್ಲೇ ಉಳಿಯಿತು. ಆ ಕೋಣೆಯಲ್ಲಿ ಹಳೆಯ, ತಪ್ಪಿದ್ದ ಪ್ರೋಗ್ರಾಮಿನ ಪ್ರತಿಯಿತ್ತು. ಅದನ್ನೇ ನಲವತ್ತು ನಿಮಿಷ ಶ್ರದ್ಧೆಯಿಂದ ಬಿಲ್ಡ್ ಮಾಡಿ, ನಕ್ಷತ್ರಗಳನ್ನು ಬರೆದು ಕೂತಿತು. ನಾನು ಸೋಮವಾರ ಹೊತ್ತುಕೊಂಡು ಹೋಗಿ ಹಾಕಿದ್ದು ಹಳೆಯ ತಪ್ಪನ್ನೇ, ಹೊಸ ಚಿಪ್ಪಿನಲ್ಲಿ.

"ಇದು ಕೋಣೆ ಇಲ್ಲ ಅಂತ ಹೇಳ್ಬೇಕಿತ್ತಲ್ಲ ನಾಗಭೂಷಣ. ಸಂದೇಶ ಎಲ್ಲಿ ಹೋಯ್ತು?"

ಅವನು ತಲೆ ತಗ್ಗಿಸಿ ಸ್ಕ್ರಿಪ್ಟಿನ ಒಂದು ಸಾಲಿನ ಕಡೆ ಬೆರಳು ತೋರಿಸಿದ. ಯುನಿಕ್ಸಿನಲ್ಲಿ ನಲ್ ಎಂಬ ಒಂದು ಜಾಗವಿದೆ. ಅಲ್ಲಿಗೆ ಏನು ಕಳಿಸಿದರೂ ಅದು ಮಾಯವಾಗುತ್ತದೆ. ಎರರ್ ಸಂದೇಶಗಳನ್ನೆಲ್ಲ ಅವನು ಅಲ್ಲಿಗೆ ಕಳಿಸುತ್ತಿದ್ದ.

"ಮೊದಲು ಪ್ರಿಂಟರಿಗೆ ಕಳಿಸ್ತಿದ್ದೆ. ಆ ಸದ್ದಿಗೆ ನಿದ್ದೆ ಬರಲ್ಲ ಅಂದ್ರು ಸಾರು. ಪರದೆಗೆ ಹಾಕ್ದೆ. ಎರರ್ ಕಾಣಿಸ್ಬಾರದು ಅಂದ್ರು. ಕಾಣಿಸದ ಹಾಗೆ ಮಾಡ್ದೆ. ನನ್ ತಪ್ಪೇನು ಗಿರಿಜಾ?"

ನಿಜ ಹೇಳಬೇಕೆಂದರೆ ಅವನ ತಪ್ಪು ಒಂದಿತ್ತು. ಯುನಿಕ್ಸಿನ ಪ್ರತಿ ಆಜ್ಞೆಯೂ ಕೆಲಸ ಮುಗಿಸಿ ಒಂದು ಸಂಖ್ಯೆಯನ್ನು ಒಪ್ಪಿಸಿ ಹೋಗುತ್ತದೆ. ಸೊನ್ನೆ ಬಂದರೆ ಕೆಲಸ ಸರಿಯಾಗಿದೆ, ಬೇರೆ ಏನು ಬಂದರೂ ಎಡವಟ್ಟಾಗಿದೆ ಎಂದು ಅರ್ಥ. ಸ್ಕ್ರಿಪ್ಟ್ ಬರೆಯುವವರು ಪ್ರತಿ ಹೆಜ್ಜೆಗೂ ಆ ಸಂಖ್ಯೆಯನ್ನು ನೋಡಿ, ಸೊನ್ನೆಯಲ್ಲದಿದ್ದರೆ ಅಲ್ಲೇ ನಿಲ್ಲಿಸಬೇಕು. ನಾಗಭೂಷಣನ ಸ್ಕ್ರಿಪ್ಟ್ ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ಕೊನೆಯ ಸಾಲಿಗೆ ಬಂದದ್ದೇ ಅದರ ಲೆಕ್ಕದಲ್ಲಿ ಸಕ್ಸಸ್.

ಸೋಮವಾರ ಇಬ್ಬರೂ ಕೂತು ಪ್ರತಿ ಹೆಜ್ಜೆಗೂ ತಪಾಸಣೆ ಸೇರಿಸಿದೆವು. ಸಂದೇಶಗಳನ್ನು ನಲ್‌ನಿಂದ ಬಿಡಿಸಿ ಪರದೆಗೆ ತಂದೆವು. ಡೈರೆಕ್ಟರಿಯ ಹೆಸರನ್ನು ಸ್ಕ್ರಿಪ್ಟಿನಲ್ಲೂ ತಿದ್ದಿದೆವು. ಆಮೇಲೆ ಓಡಿಸಿದೆವು. ಮೂರನೆಯ ಹೆಜ್ಜೆಯಲ್ಲೇ ನಿಂತಿತು.

ಅದನ್ನು ಸರಿಮಾಡಿದರೆ ಐದನೆಯದರಲ್ಲಿ ನಿಂತಿತು. ಸಂಜೆಯ ಹೊತ್ತಿಗೆ ಹದಿನೇಳು ಎರರ್ ಪಟ್ಟಿ ಮಾಡಿದ್ದೆವು. ಒಂದು ವರ್ಷದಿಂದ ಒಳಗೊಳಗೇ ನಡೆಯುತ್ತಿದ್ದದ್ದೆಲ್ಲ ಹೊರಬಿತ್ತು. ಒಂದು ಹೆಜ್ಜೆ, ನಾವು ಯಾವಾಗಲೋ ಮಾರಿಬಿಟ್ಟಿದ್ದ ಪ್ರಿಂಟರಿಗೆ ದಿನವೂ ಅಚ್ಚು ಹಾಕಲು ಕಡತ ಕಳಿಸುತ್ತಿತ್ತು. ಇನ್ನೊಂದು, ಕೆಲಸ ಬಿಟ್ಟು ಹೋದ ಹುಡುಗಿಯೊಬ್ಬಳಿಗೆ ದಿನವೂ ಬಿಲ್ಡ್ ಸಕ್ಸಸ್‌ಫುಲ್ ಎಂದು ಪತ್ರ ಬರೆಯುತ್ತಿತ್ತು. ಡಬ್ಬಿಯನ್ನು ಚಾಲೂ ಮಾಡಿದಾಗ ಅದರ ಪುಟ್ಟ ಪರದೆಯ ಮೇಲೆ ಕಂಪನಿಯ ಹೆಸರು ಮೂಡಬೇಕೆಂದು ಶ್ರೀಕಂಠಯ್ಯನವರು ಆಸೆಪಟ್ಟು ಬರೆಸಿದ್ದ ಕಡತ ನಾಲ್ಕು ತಿಂಗಳಿಂದ ಬಿಲ್ಡ್ ಆಗಿಯೇ ಇರಲಿಲ್ಲ. ಅದರಲ್ಲಿ ಒಂದು ಆವರಣ ಚಿಹ್ನೆ ಬಿಟ್ಟುಹೋಗಿತ್ತು.

ಶ್ರೀಕಂಠಯ್ಯನವರು ನಮ್ಮ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ. ಪರದೆಯ ತುಂಬ ಎರರ್.

"ಏನಮ್ಮ ಇದು? ಹೋದ ವಾರದವರೆಗೆ ಒಂದೂ ಎರರ್ ಇರ್ಲಿಲ್ಲ. ನೀವಿಬ್ರು ಕೂತು ಹದಿನೇಳು ಮಾಡಿದೀರಲ್ಲ!"

"ಮಾಡಿಲ್ಲ ಸಾರ್. ಇದ್ದಿದ್ದು ಕಾಣಿಸ್ತಾ ಇದೆ."

ನಾಗಭೂಷಣ ಮೆಲ್ಲಗೆ ಸೇರಿಸಿದ: "ಮುಚ್ಚು ಅಂದ್ರಿ ಸಾರ್, ಮುಚ್ಚಿದ್ದೆ."

ಪಟ್ಟಿಯಲ್ಲಿದ್ದ ಕಂಪನಿಯ ಹೆಸರಿನ ಕಡತ ಮತ್ತು ಅದನ್ನು ಬರೆದ ತಾರೀಖಿನ ಮೇಲೆ ಶ್ರೀಕಂಠಯ್ಯನವರ ಕಣ್ಣು ನಿಂತಿತ್ತು. "ನಾಲ್ಕು ತಿಂಗಳಿಂದಾನಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತಮ್ಮ ಕೋಣೆಗೆ ಹೋದರು. ಮರುದಿನ ಊಟದ ನಂತರ ಅವರು ಕಣ್ಣುಮುಚ್ಚಲು ಕೆಳಗಿನ ಲೇಥ್ ಶಾಪಿನ ಮಾಲೀಕರ ಕೋಣೆಗೆ ಹೋದರು. ಅಲ್ಲಿ ಆ ಗದ್ದಲದಲ್ಲಿ ಹೇಗೆ ಕಣ್ಣು ಮುಚ್ಚುತ್ತಿದ್ದರೋ ಕಾಣೆ, ಮೇಲೆ ಸದ್ದು ಮಾಡಬೇಡಿ ಎಂದು ಮಾತ್ರ ಮತ್ತೆಂದೂ ಹೇಳಲಿಲ್ಲ.

ಮಂಗಳವಾರ, ಬುಧವಾರ, ಗುರುವಾರ ಅದೇ ಕೆಲಸ. ಗುರುವಾರ ಸಂಜೆ ಹದಿನೇಳೂ ಮುಗಿದವು, ಆದರೆ ಪಟ್ಟಿಯಲ್ಲಿಲ್ಲದ ಹೊಸದೊಂದು ಎದ್ದಿತು. ಎಲ್ಲ ಹೆಜ್ಜೆ ದಾಟಿ, ಚಿಪ್ಪಿಗೆ ತುಂಬುವ ಮುಂಚಿನ ಹೆಜ್ಜೆಯಲ್ಲಿ ಸ್ಕ್ರಿಪ್ಟ್ ನಿಲ್ಲುತ್ತಿತ್ತು. ಯಾವ ಸಂದೇಶವೂ ಇಲ್ಲ. ಸೊನ್ನೆಯಲ್ಲದ ಒಂದು ಸಂಖ್ಯೆ ಕೊಟ್ಟು ಸುಮ್ಮನಾಗುತ್ತಿತ್ತು.

ಜುಲೈ ಇಪ್ಪತ್ತೆರಡು, ಶುಕ್ರವಾರ. ಬೆಳಗ್ಗೆ ಎಂಟಕ್ಕೇ ಇಬ್ಬರೂ ಆಫೀಸಿನಲ್ಲಿದ್ದೆವು. ಒಂಬತ್ತಕ್ಕೆ ಓಡಿಸಿದೆವು, ಅಲ್ಲೇ ನಿಂತಿತು. ಹತ್ತಕ್ಕೆ ಓಡಿಸಿದೆವು, ಅಲ್ಲೇ ನಿಂತಿತು. ಒಂದು ಸಲ ಓಡಲು ನಲವತ್ತು ನಿಮಿಷ ಬೇಕು. ಹತ್ತು ಮುಕ್ಕಾಲಿಗೆ ನಾಗಭೂಷಣ ಕೈಯಲ್ಲಿದ್ದ ಪೆನ್ಸಿಲ್ ಮೇಜಿನ ಮೇಲೆ ಹಾಕಿ ನಗತೊಡಗಿದ. ಹೆದರಿ ತಲೆ ಕೆಟ್ಟಿತೇನೋ ಎಂದುಕೊಂಡೆ.

"ಗಿರಿಜಾ, ಇದು ಯಾವ ಹೆಜ್ಜೆ? ಇಷ್ಟೂ ಸಂದೇಶಗಳಲ್ಲಿ ಎರರ್ ಅನ್ನೋ ಪದ ಇದೆಯಾ ಅಂತ ಹುಡುಕೋ ಹೆಜ್ಜೆ. ನಾವೇ ಸೋಮವಾರ ಸೇರಿಸಿದ್ದು. ಎಲ್ಲ ಸರಿಯಾಗಿದೆ, ಹುಡುಕಿದ್ರೆ ಎರರ್ ಸಿಗ್ತಿಲ್ಲ. ಹುಡುಕಿದ್ದು ಸಿಗ್ಲಿಲ್ಲ ಅಂದ್ರೆ ಆ ಆಜ್ಞೆ ಸೋತೆ ಅಂತ ಹೇಳುತ್ತೆ. ಎರರ್ ಇಲ್ಲ ಅನ್ನೋದೇ ಎರರ್ ಆಗಿದೆ ಕಣೇ!"

ಹೌದು, ಅಷ್ಟೇ ಆಗಿತ್ತು. ಆ ಒಂದು ಹೆಜ್ಜೆಯಲ್ಲಿ ಮಾತ್ರ ಸಂಖ್ಯೆಯ ಅರ್ಥವನ್ನು ತಿರುಗಿಸಿ ಬರೆದು ಮತ್ತೆ ಓಡಿಸಿದೆವು. ನಲವತ್ತು ನಿಮಿಷ ಇಬ್ಬರೂ ಪರದೆಯ ಮುಂದಿನಿಂದ ಏಳಲಿಲ್ಲ. ಹನ್ನೊಂದು ಮುಕ್ಕಾಲಿಗೆ ಕೊನೆಯ ಸಾಲು ಬಂತು. ನಕ್ಷತ್ರಗಳನ್ನು ನಾಗಭೂಷಣ ತಾನೇ ತೆಗೆದುಹಾಕಿದ್ದ. ಈ ಸಲ ಸಕ್ಸಸ್‌ಫುಲ್ ಎಂಬ ಪದವನ್ನೂ ನಂಬದೆ, ಚಿಪ್ಪಿಗೆ ತುಂಬಿದ ಮೇಲೆ ಅದನ್ನು ವಾಪಸ್ಸು ಓದಿ ಹೊಸ ಕಡತದೊಂದಿಗೆ ತಾಳೆ ನೋಡಿದೆವು. ಹನ್ನೆರಡೂ ಹತ್ತಾಯಿತು. ಚಿಪ್ಪಿನ ಕಾಲುಗಳು ಬಾಗದಂತೆ ಬೆಳ್ಳಿ ಹಾಳೆ ಸುತ್ತಿದ ಥರ್ಮಕೋಲ್ ತುಂಡಿಗೆ ಚುಚ್ಚಿ ಕೈಯಲ್ಲಿ ಹಿಡಿದು, ನಾಗಭೂಷಣನ ಸ್ಕೂಟರಿನ ಹಿಂದೆ ಕೂತೆ. ಆ ಸ್ಕೂಟರನ್ನು ಪಕ್ಕಕ್ಕೆ ವಾಲಿಸಿ ನಾಲ್ಕು ಸಲ ಒದೆಯದೆ ಅದು ಶುರುವಾಗುತ್ತಿರಲಿಲ್ಲ. ಲಗ್ಗೆರೆಯ ಗುಂಡಿಗಳ ರಸ್ತೆಯಲ್ಲಿ ನನ್ನ ಬೆನ್ನು ಮುರಿದರೂ ಕೈಯನ್ನು ಮಾತ್ರ ಅಲ್ಲಾಡದಂತೆ ಗಾಳಿಯಲ್ಲಿ ಹಿಡಿದಿದ್ದೆ. ಕಂಡವರು ನೈವೇದ್ಯ ಒಯ್ಯುತ್ತಿದ್ದಾಳೆ ಎಂದುಕೊಂಡಿರಬೇಕು.

ಹನ್ನೆರಡು ಮುಕ್ಕಾಲಿಗೆ ಕಾರ್ಖಾನೆ ತಲುಪಿದೆವು. ಒಳಗೆ ಅಂಗಳದಲ್ಲಿ ಆಗಲೇ ಜನ ಸೇರಿದ್ದರು. ಕೈ ತೊಳೆದು, ತಲೆ ಬಾಚಿ, ಕ್ಯಾರಿಯರ್ ಹಿಡಿದು ಸೈರನ್ನಿನ ಕಡೆ ಮುಖ ಮಾಡಿ ನಿಂತಿದ್ದರು. ಅವರ ನಡುವೆ ದಾರಿ ಮಾಡಿಕೊಂಡು ಟೈಮ್ ಆಫೀಸಿಗೆ ಹೋದೆ. ವರ್ಕ್ಸ್ ಮ್ಯಾನೇಜರು ಕೈ ಕಟ್ಟಿಕೊಂಡು ನಿಂತಿದ್ದರು. ನಾನು ಚಿಪ್ಪು ಹಾಕಿ, ಮುಚ್ಚಳ ಬಿಗಿದು, ಸ್ವಿಚ್ಚು ಹಾಕಿದಾಗ ಒಂದಕ್ಕೆ ನಾಲ್ಕು ನಿಮಿಷವಿತ್ತು. ಡಬ್ಬಿಯ ಪುಟ್ಟ ಪರದೆಯ ಮೇಲೆ ಮೊದಲ ಬಾರಿಗೆ ನಮ್ಮ ಕಂಪನಿಯ ಹೆಸರು ಮೂಡಿತು.

ಒಂದು ಗಂಟೆಯಾಯಿತು. ಸದ್ದಿಲ್ಲ. ಒಂದೂ ಒಂದು ನಿಮಿಷ. ಸದ್ದಿಲ್ಲ. ಅಂಗಳದಲ್ಲಿ ಎಂಟುನೂರು ಜನ ಆಕಾಶ ನೋಡುತ್ತ ನಿಂತಿದ್ದರು. ಒಂದೂ ಐದಕ್ಕೆ ಚಿಕ್ಕಣ್ಣ ಕಿಟಕಿಯಲ್ಲಿ ಮುಖ ತೂರಿಸಿ ಬಹಳ ನೋವಿನಿಂದ ಹೇಳಿದರು: "ಏನ್ ಮೇಡಂ, ಚೆನ್ನಾಗ್ ನಡೀತಿದ್ದ ಸೈರನ್ನ ಕೆಡಿಸಿಬಿಟ್ರಲ್ಲ."

ಜನ ಗೊಣಗುತ್ತ ಒಬ್ಬೊಬ್ಬರಾಗಿ ಒಳಗೆ ಹೋದರು. ವರ್ಕ್ಸ್ ಮ್ಯಾನೇಜರು ಕೈ ಚಾಚಿ ನನ್ನನ್ನು ಅಭಿನಂದಿಸಲು ಬಂದರು. ನಾನು ಕೈ ಕೊಡಲಿಲ್ಲ. ಸೈರನ್ ಸುಮ್ಮನಿದ್ದದ್ದು ತಪ್ಪು ಸರಿಹೋಗಿ ಸುಮ್ಮನಿದ್ದದ್ದೋ, ಡಬ್ಬಿಯೇ ಸತ್ತು ಸುಮ್ಮನಿದ್ದದ್ದೋ ನನಗೆ ಗೊತ್ತಿರಲಿಲ್ಲ. ಎರಡೂ ಹೊರಗಿನಿಂದ ಒಂದೇ ತರಹ. ಅದನ್ನು ಅವರಿಗೆ ಹೇಳಿದಾಗ ಅವರ ಮುಖದ ನಗು ಹಾಗೇ ಇಳಿಯಿತು. "ಹಾಗಾದ್ರೆ?" ಎಂದರು. "ಮೂರೂವರೆವರೆಗೆ ಕಾಯ್ಬೇಕು ಸಾರ್" ಎಂದೆ.

ಎರಡೂವರೆ ಗಂಟೆ ಆ ಟೈಮ್ ಆಫೀಸಿನಲ್ಲಿ ಕೂತಿದ್ದೆ. ನನ್ನ ವೃತ್ತಿಯಲ್ಲಿ ಅದಕ್ಕಿಂತ ಉದ್ದನೆಯ ಮಧ್ಯಾಹ್ನ ಇನ್ನೊಂದಿಲ್ಲ. ಹನುಮಂತರಾಯಪ್ಪನವರು ತಮ್ಮ ಬುತ್ತಿಯಿಂದ ಚಿತ್ರಾನ್ನ ಕೊಟ್ಟರು. ನನ್ನ ಪಾಲನ್ನೂ ನಾಗಭೂಷಣನೇ ತಿಂದ. ಮೂರೂ ಇಪ್ಪತ್ತೈದಕ್ಕೆ ಹನುಮಂತರಾಯಪ್ಪನವರು ಎದ್ದು ಅಂಗಳಕ್ಕೆ ಹೋಗಿ ನಿಂತರು. ನಾನೂ ಹೋದೆ.

ಮೂರೂವರೆ ಹೊಡೆದ ಸೆಕೆಂಡಿಗೆ ಚಾವಣಿಯ ಮೇಲೆ ಸೈರನ್ ಎದ್ದಿತು. ಅಷ್ಟು ಹತ್ತಿರದಿಂದ ಅದನ್ನು ನಾನು ಕೇಳಿರಲಿಲ್ಲ. ಕಿವಿ ಮುಚ್ಚಿಕೊಳ್ಳಬೇಕೆನಿಸಿದರೂ ಮುಚ್ಚಿಕೊಳ್ಳಲಿಲ್ಲ. ಅದು ಪೂರ್ತಿ ಇಳಿಯುವವರೆಗೆ ಹನುಮಂತರಾಯಪ್ಪನವರು ತಲೆ ವಾಲಿಸಿ ಕೇಳಿದರು. "ಕೂಗ್ತು ಕಣಮ್ಮ" ಎಂದು ಹೇಳಿ ಬರೆಯಲು ಒಳಗೆ ಹೋದರು. ಮರುದಿನ ಶನಿವಾರ ಒಂದಕ್ಕೆ ಕೂಗಿತು. ಭಾನುವಾರ ಇಡೀ ದಿನ ಸುಮ್ಮನಿತ್ತು. ಆ ಡಬ್ಬಿ ಅಲ್ಲಿ ಹನ್ನೊಂದು ವರ್ಷ ಇತ್ತು.

ನಾಗಭೂಷಣ ಮುಂದೆ ಕಾಲೇಜೊಂದರಲ್ಲಿ ಪಾಠ ಹೇಳಲು ಹೋದ. ತನ್ನ ಆ ಸ್ಕ್ರಿಪ್ಟನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು, ಇದನ್ನು ಬರೆದ ದಡ್ಡ ಯಾರು ಗೊತ್ತೇ ಎಂದು ಹುಡುಗರನ್ನು ಕೇಳುತ್ತಾನಂತೆ. ನಾನು ಇನ್ನೂ ಇಪ್ಪತ್ತೈದು ವರ್ಷ ಇದೇ ಕೆಲಸದಲ್ಲಿದ್ದೆ. ಯಂತ್ರಗಳು ಬದಲಾದವು, ನಲವತ್ತು ನಿಮಿಷದ ಬಿಲ್ಡ್ ನಲವತ್ತು ಸೆಕೆಂಡಿಗೆ ಇಳಿಯಿತು. ತಪ್ಪು ಮಾಡದ ಮನುಷ್ಯರನ್ನಾಗಲೀ ಯಂತ್ರವನ್ನಾಗಲೀ ನಾನು ನೋಡಲಿಲ್ಲ. ತಪ್ಪಾಗಿದೆ ಎಂದು ಹೇಳುವ ಬಾಯನ್ನು ಮುಚ್ಚಿಸಿದ ಕಡೆಯೇ ದೊಡ್ಡ ಅನಾಹುತಗಳಾದವು. ಬಾಯಿ ಮುಚ್ಚಿಸಿದವರು ಕೆಟ್ಟವರೇನೂ ಆಗಿರುತ್ತಿರಲಿಲ್ಲ. ಊಟವಾದ ಮೇಲೆ ಇಪ್ಪತ್ತು ನಿಮಿಷ ನೆಮ್ಮದಿ ಬೇಕು ಎನ್ನುವವರು, ಅಷ್ಟೇ. ಅಂಥ ನೆಮ್ಮದಿ ನನಗೂ ಎಷ್ಟೋ ಸಲ ಬೇಕೆನಿಸಿದೆ.

ಕೆಲಸಕ್ಕೆ ಜನರನ್ನು ಆರಿಸುವ ಜವಾಬ್ದಾರಿ ಬಂದ ಮೇಲೆ ನಾನು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದೆ: ನೀವು ಬರೆದ ಸ್ಕ್ರಿಪ್ಟ್ ಕೊನೆಯ ಸಲ ಕೆಟ್ಟು ನಿಂತದ್ದು ಯಾವಾಗ? ನನ್ನದು ಎಂದೂ ನಿಂತಿಲ್ಲ ಎಂದವರಿಗೆ ಕಾಫಿ ಕೊಟ್ಟು ಕಳಿಸುತ್ತಿದ್ದೆ. ಒಮ್ಮೆ ಕೆಂಗೇರಿ ಕಡೆಯ ಒಬ್ಬ ಹುಡುಗಿ ಗಡಿಯಾರ ನೋಡಿಕೊಂಡು, "ಇವತ್ತು ಬೆಳಗ್ಗೆ ಮೇಡಂ. ಇನ್ನೂ ನಿಂತೇ ಇದೆ. ಬೇಗ ಮುಗಿಸಿದ್ರೆ ಹೋಗಿ ನೋಡ್ಬೇಕು" ಎಂದಳು. ಮುಂದಿನ ಸೋಮವಾರದಿಂದ ಬಾ ಎಂದು ಅಲ್ಲೇ ಹೇಳಿ ಕಳಿಸಿದೆ.